ಶೇಂಗಾಕ್ಕೆ ಒಲಿಯುವ ಕೆಂಚಿ

ಬಿಳಿಚೋಡು
೧೩ ಅಕ್ಟೋಬರ್ ೨೦೨೫

ಸಂಧ್ಯಾರಾಣಿಗೆ,

ಸಮಸ್ತ ಜಗಳೂರು ತಾಲ್ಲೂಕಿನ, ಹಾಗೂ ಅದರಾಚೆ ಚನ್ನಗಿರಿಯವರೆಗೂ ಹಬ್ಬಿರುವ ಮಾನವ ಕುಲದ ಗಮನಕ್ಕೆ ತರುವುದೇನೆಂದರೆ, ನಿನ್ನೆ ಭಾನುವಾರ ಮಧ್ಯಾಹ್ನ ಹೆಣ್ಣು ನೋಡಲು ಬಂದ ಗಂಡೊಬ್ಬ ಮಲ್ಲಿಗೆ ಹೂವನ್ನು ತಾರದೆ, ಬೇರಿಗೆ ಮಣ್ಣಂಟಿದ ಹಸಿ ಶೇಂಗಾ ಗಿಡದ ಕಟ್ಟೊಂದನ್ನು ತಂದನು. ಈ ಮಹಾ ಘಟನೆಗೆ ಸಾಕ್ಷಿಯಾಗಿ ನಮ್ಮಪ್ಪನ ಹೊಸ ಜಮಖಾನೆಯ ಮೇಲೆ ಕೆಂಪು ಮಣ್ಣು ಇನ್ನೂ ಹಾಗೇ ಇದೆ. ಗುಡಿಸಲು ಯಾರಿಗೂ ಬಿಟ್ಟಿಲ್ಲ ನಾನು.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಹಾಸ್ಟೆಲಿನಲ್ಲಿ ನಾವಿಬ್ಬರೇ ಕೂತು ಮಾಡಿಕೊಂಡ ಕಾನೂನು ನಿನಗೆ ನೆನಪಿರಬೇಕು: ಮುಖ್ಯ ಸಂಗತಿ ಮತ್ತು ಜಗಳ, ಇವೆರಡನ್ನೂ ಕಾಗದದಲ್ಲೇ ಮಾಡತಕ್ಕದ್ದು. ಫೋನಿನಲ್ಲಾದರೆ ನೀನು ನಡುವೆ ಕಟ್ ಮಾಡಿ, ಆಮೇಲೆ "ನೆಟ್‌ವರ್ಕ್ ಇರ್ಲಿಲ್ಲ ಕಣೆ" ಎನ್ನುವವಳು.

ಇದುವರೆಗೆ ಬಂದುಹೋದ ಗಂಡುಗಳ ವಿಚಾರ ನಿನಗೆ ಗೊತ್ತು. ಒಬ್ಬನ ತಾಯಿ ನನ್ನ ಜಡೆ ಎಳೆದು ಪರೀಕ್ಷಿಸಿದ್ದು, ಇನ್ನೊಬ್ಬ ನನ್ನ ಬೆರಳಿಗೆ ಹತ್ತಿದ, ಮೋಟಾರ್ ತಂತಿಗೆ ಬಳಿಯುವ ವಾರ್ನಿಷ್ ಕಲೆ ನೋಡಿ "ಅರಿಶಿನಾ ಹಚ್ಕಂಡಿದೀರಾ?" ಎಂದಿದ್ದು. ನಮ್ಮ ಮೋಟಾರ್ ಕಟ್ಟುವ ಅಂಗಡಿಯ ಬಾಗಿಲಲ್ಲಿ ನಿಂತು "ಮದುವೆ ಆದ್ಮೇಲೆ ಇದನ್ನ ಯಾರು ನೋಡ್ಕಂತಾರೆ?" ಎಂದು ನನ್ನನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳಿದ ಮಹಾನುಭಾವನೊಬ್ಬ. ಎಲ್ಲರೂ ಸೇರಿ ಒಕ್ಕೊರಲಿನಿಂದ ಹೇಳುವ ಮಾತೊಂದು: "ಸ್ವಲ್ಪ ನಗವ್ವ." ನಾನೇನು ಟೂತ್‌ಪೇಸ್ಟ್ ಮಾರಲು ಕೂತಿದ್ದೇನಾ?

ಇವನ ಹೆಸರು ಪರಶುರಾಮ್. ಹೊನ್ನಾಳಿಯಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಸಂಬಂಧ ತಂದವರು ನ್ಯಾಮತಿಯ ನಮ್ಮ ಭೀಮಕ್ಕತ್ತೆ. ಅವನ ತಾಯಿಯೂ ವಾಡಿಕೆಯಂತೆ "ಸ್ವಲ್ಪ ನಗವ್ವ" ಎಂದರು. ನಾನು ಹಲ್ಲು ಕಚ್ಚುವಷ್ಟರಲ್ಲಿ ಇವನು, "ಅಮ್ಮಾ, ನಗು ಬಂದಾಗ ನಗ್ತಾರೆ ಬಿಡು" ಎಂದ. ಆಮೇಲೆ ಚೀಲದಿಂದ ಹಳೆಯ ರೇಡಿಯೋ ತೆಗೆದು ನನ್ನ ಮುಂದಿಟ್ಟು, "ಕೆಟ್ಟೋಗೈತ್ರಿ. ನಿಮ್ಮ ಕೈಯಾಗೆ ಏನಾದ್ರೂ ಆಗುತ್ತಾ ನೋಡ್ತೀರಾ?" ಎಂದ. ಹಿರಿಯರು ಉಪ್ಪಿಟ್ಟು ತಿನ್ನುವಾಗ ನಾನು ರೇಡಿಯೋ ಬಿಚ್ಚಿ ಕೂತೆ. (ನನ್ನ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಇನ್ನೂ ನಿನ್ನ ಹತ್ತಿರವೇ ಇದೆ. ಈಳಿಗೆ ಮಣೆಯ ತುದಿಯಿಂದ ಬಿಚ್ಚಬೇಕಾಯಿತು. ನಾಚಿಕೆಯಾಗಲಿ ನಿನಗೆ.)

ಆಮೇಲೆ ಭೀಮಕ್ಕತ್ತೆ ತಮ್ಮ ಪದ್ಧತಿಯಂತೆ "ತಾಯಿ ಇಲ್ಲದ ಕೂಸು" ಎಂದು ಶುರು ಮಾಡಿದರು. ನಾನು ಎದ್ದು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಅವನೂ ಬಂದು ಸ್ವಲ್ಪ ದೂರದಲ್ಲಿ ಕೂತ. ಏನಾಗಿತ್ತು, ಯಾವಾಗ, ಎಷ್ಟು ವರ್ಷವಾಯಿತು, ಒಂದು ಮಾತೂ ಕೇಳಲಿಲ್ಲ. ಗಾಳಿ ಬೀಸುತ್ತಿತ್ತು. ಅದು ನಿಲ್ಲುವ ತನಕ ಸುಮ್ಮನೆ ಕೂತಿದ್ದ. ನನ್ನ ಪಕ್ಕ ಹಾಗೆ ಕೂತವರು ಈ ಲೋಕದಲ್ಲಿ ಇನ್ನೊಬ್ಬಳೇ ಇದ್ದಾಳೆ. ಹೆಸರು ಹೇಳಿದರೆ ಅವಳಿಗೆ ಜಂಬ ಬರುತ್ತದೆ, ಹೇಳುವುದಿಲ್ಲ.

ಅಪ್ಪನಿಗೆ "ಆಗಲಿ" ಎಂದಿದ್ದೇನೆ. ಪುಷ್ಯ ಮಾಸ ಬರುವ ಮೊದಲೇ ನಿಶ್ಚಿತಾರ್ಥವಂತೆ. ಇನ್ನೂ ನಕ್ಕಿಲ್ಲ, ಗಾಬರಿಯಾಗಬೇಡ.

ಇಂತಿ,
ನಿನ್ನ ಸುಧಾ


ಚನ್ನಗಿರಿ
೨೨ ಅಕ್ಟೋಬರ್ ೨೦೨೫

ಪ್ರೀತಿಯ ಸುಧಾ,

ನಿನ್ನ ಕಾಗದ ತಲುಪಿತು. ಶೇಂಗಾ ವಿಚಾರ ಓದಿ ಬಹಳ ಸಂತೋಷವಾಯಿತು. ಹುಡುಗ ಒಳ್ಳೆಯವನಂತೆ ಕಾಣುತ್ತಾನೆ. ನೀನು ಬರೆದದ್ದರಿಂದ ಹೇಳುತ್ತಿದ್ದೇನೆ, ಅಷ್ಟೇ.

ಇಲ್ಲಿ ನಾನು ಐದು ಮಂದಿಗೆ ವಧೂವರಾನ್ವೇಷಣೆ ಮಾಡುತ್ತ ಸೊರಗಿಹೋಗಿದ್ದೇನೆ. ಗೊಬ್ಬರದ ಅಂಗಡಿಯ ಮಹಡಿಯಲ್ಲಿ ನಮ್ಮ ಪ್ರಸನ್ನಕುಮಾರ್ ಅವರ ಕಂಪನಿ, ಅದರಲ್ಲಿ ಆರು ಜನ, ಒಂದು ಫ್ಯಾನು. "ಕೋಟೆದಾರಿ" ಎಂಬ ನಮ್ಮ ಕಂಪ್ಯೂಟರ್ ಆಟ ಮುಗಿಯುತ್ತ ಬಂದಿದೆ. ನಿನಗೆ ಎಷ್ಟೋ ಸಲ ಹೇಳಿದ್ದೇನೆ, ನೀನು ಕೇಳಿಸಿಕೊಂಡಿಲ್ಲ, ಮತ್ತೆ ಹೇಳುತ್ತೇನೆ. ಆಟಗಾರ ಕೋಟೆಯಿಂದ ಕೋಟೆಗೆ ಹೋಗುತ್ತಾನೆ. ದಾರಿಯಲ್ಲಿ ಐವರು ಸಂಗಾತಿಗಳು ಜೊತೆಯಾಗುತ್ತಾರೆ. ಹೊಡೆದಾಟಕ್ಕೂ ಆಗುತ್ತಾರೆ, ಒಲಿಸಿಕೊಂಡರೆ ಮದುವೆಗೂ ಆಗುತ್ತಾರೆ. ಯಾರಿಗೆ ಏನು ಇಷ್ಟ, ಏನು ಕಂಡರೆ ಮೈ ಉರಿ, ಯಾವ ಮಾತಿಗೆ ಕರಗುತ್ತಾರೆ, ಇದೆಲ್ಲ ಬರೆಯುವುದು ನನ್ನ ಕೆಲಸ. ಇಷ್ಟವಾದದ್ದನ್ನು ಕೊಟ್ಟರೆ, ಆಡಿದರೆ, ಪರದೆಯ ಮೂಲೆಯಲ್ಲಿ ಒಲವಿನ ಮೀಟರ್ ಏರುತ್ತದೆ. ತುಂಬಿದರೆ ತಾಳಿ.

ಪ್ರಸನ್ನಕುಮಾರ್ ಅವರ ಪ್ರಕಾರ ಇದು ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸ. "ಒಬ್ರಿಗೆ ಬೆಲ್ಲ ಇಷ್ಟ, ಒಬ್ರಿಗೆ ಕತ್ತಿ ಇಷ್ಟ ಅಂತ ಮಾಡಿ ಮುಗ್ಸವ್ವ ಸಂಧ್ಯಾ, ಬೇಗ" ಎನ್ನುತ್ತಾರೆ. ನನಗೆ ಸಿಟ್ಟು ಬರದೆ ಇರುತ್ತದಾ? ನಮ್ಮ ಮಾವುತ ಸಂಗಾತಿಯನ್ನು ಹೊಗಳಿದರೆ ಮೀಟರ್ ಅಲುಗುವುದಿಲ್ಲ, ಅವನ ಆನೆಯನ್ನು ಹೊಗಳಬೇಕು. ಅದೂ ಕಿವಿಯನ್ನಲ್ಲ, ನಡಿಗೆಯನ್ನು. ಇದನ್ನು ಕಂಡುಹಿಡಿಯಲು ನನಗೆ ಒಂದು ವಾರ ಹಿಡಿಯಿತು. "ಆನೆ ನಡಿಗೆ ಯಾರು ನೋಡ್ತಾರವ್ವ" ಎಂದರು. ಪ್ರೀತಿ ಮಾಡುವವರು ನೋಡುತ್ತಾರೆ ಸಾರ್ ಎಂದೆ. ಅವರು ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡರು.

ಆಟ ಇನ್ನೂ ಹಸಿಯಾಗಿದೆ, ಪರೀಕ್ಷೆಯಲ್ಲಿದೆ. ನೀನು ಮಾತ್ರ ಈಗಲೇ ಆಡಬೇಡ. ನನ್ನ ಮೇಲಾಣೆ.

ನಿಶ್ಚಿತಾರ್ಥಕ್ಕೆ ಯಾವ ಸೀರೆ?

ನಿನ್ನವಳೇ ಆದ,
ಸಂಧ್ಯಾ


ಬಿಳಿಚೋಡು
೫ ನವೆಂಬರ್ ೨೦೨೫

ಆಟದ ಹೆಣ್ಣುಗಳ ಸೃಷ್ಟಿಕರ್ತೆ, ಮಹಾಮಾತೆ ಸಂಧ್ಯಾರಾಣಿಯವರ ಪಾದಾರವಿಂದಗಳಿಗೆ,

"ಆಡಬೇಡ, ನನ್ನ ಮೇಲಾಣೆ." ಹಾಸ್ಟೆಲಿನಲ್ಲಿ ನೀನು ಹಾಗೆ ಹೇಳಿದಾಗಲೆಲ್ಲ ನಿನ್ನ ಟ್ರಂಕಿನಲ್ಲಿ ಏನೋ ಇರುತ್ತಿತ್ತು. ಪರಶುರಾಮ್ ಫೋನ್ ಮಾಡಿದಾಗ, ಕೋಟೆದಾರಿ ಎಂಬ ಆಟ ಎಲ್ಲಿ ಸಿಗುತ್ತದೆ ಗೊತ್ತಾ ಎಂದು ಸುಮ್ಮನೆ ಕೇಳಿದೆ. ಪಾಪ, ಕಪಟ ಇಲ್ಲದ ಮನುಷ್ಯ. "ಅಯ್ಯೋ, ನಾನು ಅದನ್ನ ಆಡಿ ಪರೀಕ್ಷೆ ಮಾಡೋ ಗುಂಪಿನಾಗೇ ಇದೀನ್ರಿ! ಲಿಂಕ್ ಕಳಿಸ್ಲಾ?" ಎಂದ.

ಕಳಿಸಿದ. ಆಡಿದೆ. ಮೂರನೆಯ ಕೋಟೆಯಲ್ಲಿ ನನಗೆ ನಾನೇ ಎದುರಾದೆ.

ಹೆಸರು ಕವಣೆ ಕೆಂಚಿಯಂತೆ! ಹೊಲದಲ್ಲಿ ಗಿಳಿ ಓಡಿಸಲು ಕವಣೆ ಬೀಸಿ ಬೆಳೆದವಳಂತೆ. ಬೆರಳ ತುದಿ ಹಳದಿಯಂತೆ. ಮಲ್ಲಿಗೆ ಕೊಟ್ಟರೆ ತಲೆನೋವು, ಮೀಟರ್ ಇಳಿಯುತ್ತದೆ. "ಸ್ವಲ್ಪ ನಗು" ಎಂದರೆ ಕವಣೆಗೆ ಕಲ್ಲು ಏರಿಸುತ್ತಾಳೆ. ಕೆಟ್ಟುಹೋದ ಸಾಮಾನು ಕೈಗೆ ಕೊಟ್ಟರೆ ಏರುತ್ತದೆ. ಶೇಂಗಾ ಕೊಟ್ಟರೆ ಏರುತ್ತದೆ. ಮಣ್ಣಂಟಿದ ಹಸಿ ಶೇಂಗಾ ಕೊಟ್ಟರೆ, ದೇವರೇ, ದುಪ್ಪಟ್ಟು ಏರುತ್ತದೆ!

ಇಷ್ಟಕ್ಕೆ ನಿಂತಿದ್ದರೆ ನಿನ್ನ ಜುಟ್ಟು ಹಿಡಿದು ಎರಡು ಸುತ್ತು ತಿರುಗಿಸಿ ಬಿಟ್ಟುಬಿಡುತ್ತಿದ್ದೆ. ಆಮೇಲೆ ಕೆಂಚಿ ಕೋಟೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಪರದೆಯ ಮೇಲೆ ಪ್ರಶ್ನೆಗಳು ಬಂದವು. "ನಿನ್ನ ತಾಯಿಗೆ ಏನಾಯಿತು?" ಎಂಬುದನ್ನು ಒತ್ತಿದೆ. ಮೀಟರ್ ಸರ್ರನೆ ಇಳಿದು, ಕೆಂಚಿ ಎದ್ದು ಹೋದಳು. ಮತ್ತೆ ಆಡಿದೆ. ಈ ಸಲ ಏನೂ ಒತ್ತಲಿಲ್ಲ. ಗಾಳಿಯ ಸದ್ದು ನಿಲ್ಲುವ ತನಕ ಕೈಕಟ್ಟಿ ಕೂತೆ. ಮೀಟರ್ ತುಂಬಿತು. ತಾಳಿ.

ಸಂಧ್ಯಾ, ಆ ಮೆಟ್ಟಿಲು ಯಾವುದು ನನಗೆ ಗೊತ್ತಿಲ್ಲವಾ? ಹಾಸ್ಟೆಲಿನ ಹಿಂದಿನ ಮೆಟ್ಟಿಲು. ಅಮ್ಮ ಹೋದ ಸುದ್ದಿ ಬಂದ ಮೇಲೆ, ಊರಿಂದ ಜೀಪು ಬರುವ ತನಕ ನೀನು ನನ್ನ ಪಕ್ಕ ಕೂತಿದ್ದೆ. ಒಂದು ಮಾತೂ ಆಡಲಿಲ್ಲ. ಆಮೇಲೂ ಆ ವಿಷಯ ನಾವಿಬ್ಬರೂ ಎತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ, ಅಪ್ಪನಿಗೂ ಹೇಳಿಲ್ಲ. ನೀನು ಅದನ್ನು ಊರಿಗೆಲ್ಲ ಆಡಲು ಕೊಟ್ಟೆ.

ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಪರಶುರಾಮ್ ಕೂತಾಗ, ಇವನೊಬ್ಬನಿಗೆ ಅರ್ಥವಾಯಿತು ಅಂದುಕೊಂಡಿದ್ದೆ. ಅವನು ಗಾಳಿ ನಿಲ್ಲುವುದನ್ನು ಕಾಯುತ್ತಿದ್ದ! ಹೆಣ್ಣು ನೋಡಲು ಬಂದವನು ನನ್ನನ್ನು ನೋಡಲೇ ಇಲ್ಲ, ಮನೆಯಲ್ಲಿ ಕೂತು ನೋಡಿ ಮುಗಿಸಿಕೊಂಡೇ ಬಂದಿದ್ದ. ಕೆಂಚಿಯನ್ನು ಎಷ್ಟು ಸಲ ಮದುವೆಯಾಗಿದ್ದೀರಿ ಎಂದು ಕೇಳಿದೆ. "ಆರು ಸಲ್ರಿ" ಎಂದ, ಸತ್ಯ ಹರಿಶ್ಚಂದ್ರನ ಮೊಮ್ಮಗ.

ಇನ್ನೊಂದು. ಆ ಕೆಂಚಿ ಇಡೀ ಆಟದಲ್ಲಿ ಆಟಗಾರನನ್ನು ಒಂದೇ ಒಂದು ಪ್ರಶ್ನೆ ಕೇಳುವುದಿಲ್ಲ, ಗಮನಿಸಿದ್ದೀಯಾ? ಅವಳಿಗೆ ಏನೇನು ಇಷ್ಟ ಎಂದು ಪುಟಗಟ್ಟಲೆ ಬರೆದೆಯಲ್ಲ, ಅವನು ಅವಳಿಗೆ ಇಷ್ಟವೋ ಇಲ್ಲವೋ ಎಂದು ಎಲ್ಲಿ ಬರೆದಿದ್ದೀಯ? ನನ್ನ ಗತಿಯೇ ವಾಸಿ. ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಾಗಲೂ "ನಿಮ್ಮನೇಲಿ ಯಾವ ಮೋಟಾರ್ ಇಟ್ಟಿದೀರಿ?" ಎಂದಾದರೂ ಕೇಳುತ್ತೇನೆ.

ನನಗೆ ಬೇಕಾದದ್ದು ಎರಡು. ಒಂದು, ಕೆಂಚಿ ಎಂಬುವಳು ಭೂಮಿಯ ಮೇಲೆ ಇದ್ದಾಳೆ ಎಂದು ಅವನಿಗೆ ಹೇಳಿದವರು ಯಾರು, ತಿಳಿಯಬೇಕು. ಎರಡು, ಆ ಮೆಟ್ಟಿಲನ್ನು ಆಟದಿಂದ ಕೀಳಬೇಕು.

ಅಪ್ಪನಿಗೆ "ತಡೀರಿ" ಎಂದಿದ್ದೇನೆ. ನಿಶ್ಚಿತಾರ್ಥ ನಿಂತಿದೆ. ಭೀಮಕ್ಕತ್ತೆ ಫೋನಿನಲ್ಲಿ ಅಳುತ್ತಿದ್ದಾರೆ, ನೆಟ್‌ವರ್ಕ್ ಚೆನ್ನಾಗಿದೆ.

ಸುಧಾ (ಕೆಂಚಿ ಅಲ್ಲ)


ಚನ್ನಗಿರಿ
೧೬ ನವೆಂಬರ್ ೨೦೨೫

ಸುಧಾ,

ಹೇಳಿದವಳು ನಾನೇ. ಸುತ್ತಿ ಬಳಸುವುದಿಲ್ಲ.

ಪರೀಕ್ಷೆ ಮಾಡುವ ಗುಂಪಿನವರು ಆಟದಲ್ಲಿ ಕಂಡ ದೋಷಗಳನ್ನು ನನಗೆ ಬರೆದು ಕಳಿಸುತ್ತಾರೆ. ಪರಶುರಾಮ್ ಮಾವುತನ ಬಗ್ಗೆ ಬರೆದ, ಆನೆ ಗೋಡೆಯೊಳಗೆ ಹೋಗುತ್ತದೆ ಎಂದು. ಅಡುಗೆಯವಳ ಬಗ್ಗೆ ಬರೆದ, ಅವಳ ಸೌಟು ಗಾಳಿಯಲ್ಲಿ ನಿಂತಿದೆ ಎಂದು. ಕೆಂಚಿಯ ಬಗ್ಗೆ ಒಂದೇ ಸಾಲು: "ಇವರು ಎಲ್ಲಾದರೂ ಇದ್ದಾರಾ ಮೇಡಂ?" ಅವತ್ತು ನನಗೆ ಎಷ್ಟು ಸಂತೋಷವಾಗಿತ್ತೆಂದರೆ, "ಬಿಳಿಚೋಡಿನಲ್ಲಿ ಮೋಟಾರ್ ಕಟ್ಟುತ್ತಾ ಕೂತಿದ್ದಾಳೆ" ಎಂದು ಬರೆದುಬಿಟ್ಟೆ. ನಿಮ್ಮ ಭೀಮಕ್ಕತ್ತೆಯನ್ನು ಹುಡುಕಿಕೊಂಡು ನ್ಯಾಮತಿಗೆ ಹೋದದ್ದು ಅವನ ಸ್ವಂತ ಸಾಹಸ. ನಿನಗೆ ಹೇಳಬೇಕಿತ್ತು. ಹೇಳಲಿಲ್ಲ, ನೀನು ಆ ಕಾಗದದಲ್ಲಿ ಅಷ್ಟು ಖುಷಿಯಾಗಿದ್ದೆ.

ಈಗ ನನ್ನ ಸರದಿ. ಸಿಟ್ಟೇನು ನಿನ್ನೊಬ್ಬಳ ಮನೆಯ ಆಸ್ತಿಯಾ? ಒಬ್ಬೊಬ್ಬ ಗಂಡು ಬಂದುಹೋದ ಮೇಲೂ ನೀನು ನನಗೆ ಬರೆಯುತ್ತಿದ್ದೆ. ಹೂವು ತಂದ, ಅವನ ತಲೆ. ನಗು ಅಂದ, ಅವನ ಪಿಂಡ. ಒಬ್ಬನಾದರೂ ಶೇಂಗಾ ತಂದಿದ್ದರೆ, ಒಬ್ಬನಾದರೂ ಬಾಯಿಮುಚ್ಚಿಕೊಂಡು ಕೂತಿದ್ದರೆ. ಅದನ್ನೆಲ್ಲ ನಿಮ್ಮ ಊರಲ್ಲಿ ಯಾರು ಕೇಳಿಸಿಕೊಂಡರು? ನಾನು ಕೇಳಿಸಿಕೊಂಡೆ. ಆಟ ಬರೆಯುವಾಗ, ಈ ಹೆಣ್ಣನ್ನು ಒಲಿಸಿಕೊಳ್ಳಬೇಕಾದರೆ ಮೊದಲು ಇವಳ ಮಾತು ಕೇಳಬೇಕು ಎಂದು ಬರೆದೆ. ಬೇರೆ ಆಟಗಳನ್ನು ನೀನು ನೋಡಿಲ್ಲ. ಅಲ್ಲಿ ಹೆಣ್ಣುಗಳಿಗೆ ಉಂಗುರ ಕೊಟ್ಟರೆ ಸಾಕು, ಕೈಯಲ್ಲಿ ಅಗಸೆಬೀಜ ಕೊಟ್ಟರೂ "ನನಗಾಗಿಯೇ?" ಎನ್ನುತ್ತವೆ. ಕೆಂಚಿ ಹಾಗಲ್ಲ. ಅವಳಿಗೆ ಬೇಡವಾದದ್ದು ಬೇಡ. ಅಷ್ಟಕ್ಕಾಗಿ ನಾನು ಆ ಫ್ಯಾನಿಲ್ಲದ ಮೂಲೆಯಲ್ಲಿ ಎಷ್ಟು ಜಗಳವಾಡಿದ್ದೇನೆ ನಿನಗೇನು ಗೊತ್ತು?

ನಿನ್ನ ಎರಡನೆಯ ಬೇಡಿಕೆಯನ್ನು ಪ್ರಸನ್ನಕುಮಾರ್ ಅವರ ಮುಂದಿಟ್ಟೆ.

"ಆ ಮೆಟ್ಟಿಲು ತೆಗಿಯಾಕೆ ಬರಲ್ಲವ್ವ. ಅದೇ ಆಟದ ಜೀವ. ಗಂಡು ಹುಡುಗ್ರು ಅಲ್ಲಿ ಕಣ್ಣೀರು ಹಾಕ್ಯಾರೆ."

"ಅದು ಒಬ್ಬರ ಜೀವನದ್ದು ಸಾರ್."

"ಹಂಗಾದ್ರೆ ಇನ್ನೂ ಒಳ್ಳೇದಾತು. ಕೊನೆಗೆ ಅವರ ಹೆಸ್ರು ಹಾಕಿ ಥ್ಯಾಂಕ್ಸ್ ಹೇಳಾಣ ಬಿಡು."

ನಾನು ಕೆಳಗಿಳಿದು ಗೊಬ್ಬರದ ಚೀಲದ ಮೇಲೆ ಕೂತೆ. ಆದ್ದರಿಂದ ಸದ್ಯಕ್ಕೆ ಮೆಟ್ಟಿಲು ಇದ್ದಲ್ಲೇ ಇದೆ.

ಒಂದು ಮಾತು ಮಾತ್ರ ಹೇಳುತ್ತೇನೆ, ಹೊಡೆದರೂ ಪರವಾಗಿಲ್ಲ. ಅವತ್ತು ಆ ಮೆಟ್ಟಿಲ ಮೇಲೆ ನಾನೂ ಕೂತಿದ್ದೆ ಸುಧಾ. ಅದರಲ್ಲಿ ಅರ್ಧ ನನ್ನದು.

ಸಂಧ್ಯಾರಾಣಿ


ಬಿಳಿಚೋಡು
೨೦ ನವೆಂಬರ್ ೨೦೨೫

ಮಾನ್ಯರೇ,

ತಮ್ಮ ಪತ್ರ ತಲುಪಿತು. ತಮ್ಮ ಅರ್ಧವನ್ನು ತಾವು ಇಟ್ಟುಕೊಳ್ಳಿ. ಗರಗಸ ಬೇಕಿದ್ದರೆ ನಮ್ಮಲ್ಲಿದೆ.

ನನ್ನ ಸ್ಕ್ರೂಡ್ರೈವರ್ ಕೂಡ ತಮ್ಮಲ್ಲೇ ಇರಲಿ. ಅದನ್ನೂ ಆಟಕ್ಕೆ ಹಾಕಿಕೊಳ್ಳಿ. ಕೊಟ್ಟರೆ ಕೆಂಚಿಗೆ ಬಹಳ ಇಷ್ಟವಾಗುತ್ತದೆ.

ಉತ್ತರ ಬೇಕಿಲ್ಲ.

ತಮ್ಮ ವಿಶ್ವಾಸಿ,
ಟಿ. ಸುಧಾ


ನ್ಯಾಮತಿ
೭ ಡಿಸೆಂಬರ್ ೨೦೨೫

ನನ್ನ ಮಗಳು ಸುಧಾಗೆ ನಿನ್ನ ಭೀಮಕ್ಕತ್ತೆ ಮಾಡುವ ಆಶೀರ್ವಾದಗಳು.

ಫೋನ್ ಎತ್ತಲ್ಲ ಅಂತ ಕಾಗದ ಬರಿತಿದೀನಿ. ನಿನಗೆ ಕಾಗದ ಅಂದ್ರೆ ಮರ್ಯಾದೆ ಅಂತ ನಿಮ್ಮಪ್ಪ ತಿಪ್ಪೇಶಪ್ಪ ಹೇಳಿದ.

ಅಲ್ಲ ಕೂಸೆ, ಆ ಹುಡುಗ ನಿನಗೇನು ಇಷ್ಟ ಅಂತ ತಿಳ್ಕಂಡು ಬಂದ ಅಂತ ಸಿಟ್ಟಾಗಿದೀಯಂತೆ. ತಿಳ್ಕಳದೆ ಬಂದೋರ ಮೇಲೂ ನೀನು ಸಿಟ್ಟೇ ಆಗಿದ್ದೆ. ಹಂಗಾದ್ರೆ ಯಾರು ಬರಬೇಕು ಹೇಳವ್ವ, ಅರ್ಧ ತಿಳ್ಕಂಡೋನಾ?

ನಿಮ್ಮ ಮಾವ ನನ್ನ ನೋಡಾಕೆ ಬಂದಾಗ ಕಲ್ಲುಸಕ್ಕರೆ ತಂದಿದ್ರು. ನನಗೆ ಕಲ್ಲುಸಕ್ಕರೆ ಅಂದ್ರೆ ಪ್ರಾಣ. ಇವರಿಗೆ ಹೆಂಗೆ ಗೊತ್ತಾತು ಅಂತ ನಾನು ಹುಚ್ಚಿ ಥರ ಖುಷಿ ಪಟ್ಟಿದ್ದೆ. ಮದುವೆ ಆಗಿ ಮಕ್ಕಳಾದ ಮೇಲೆ ಗೊತ್ತಾತು, ನಿಮ್ಮಪ್ಪನ್ನ ಜಗಳೂರು ಸಂತೇಲಿ ಹಿಡ್ಕಂಡು ಮಿರ್ಚಿ ಕೊಡ್ಸಿ ಕೇಳ್ಕಂಡಿದ್ರಂತೆ. ನಾನು ಒಂದು ವಾರ ಮಾತು ಬಿಟ್ಟಿದ್ದೆ. ಆಮ್ಯಾಲೆ ಅವರು ಯಾರನ್ನೂ ಕೇಳದೆ ಒಂದು ಸೀರೆ ತಂದ್ರು. ಅಂಥಾ ಕೆಟ್ಟ ಬಣ್ಣದ ಸೀರೆ ನಾನು ಜೀವಮಾನದಾಗೆ ನೋಡಿಲ್ಲ. ಈಗಲೂ ಪೆಟ್ಟಿಗ್ಯಾಗೆ ಐತೆ, ಬೇಕಾದ್ರೆ ಬಂದು ನೋಡು. ಅವತ್ತೇ ನನಗೆ ಅವರ ಮ್ಯಾಲೆ ಮನಸಾಗಿದ್ದು.

ಪರಶುರಾಮ ಮೊನ್ನೆ ಬಂದಿದ್ದ. ಸಣ್ಣಗಾಗ್ಯಾನೆ. ಏನು ಮಾಡ್ಬೇಕು ಅತ್ತೆ ಅಂದ. ನನಗೇನು ಗೊತ್ತಪ್ಪ, ನೀನೇ ಹೋಗಿ ಬೈಸ್ಕ ಅಂದೆ.

ಇಂತಿ,
ಭೀಮಕ್ಕ


ಚನ್ನಗಿರಿ
೨೬ ಡಿಸೆಂಬರ್ ೨೦೨೫

ಸುಧಾ,

ಉತ್ತರ ಬೇಕಿಲ್ಲ ಎಂದಿದ್ದೆ. ಇದು ಉತ್ತರವಲ್ಲ, ವರದಿ.

ಮೆಟ್ಟಿಲು ಹೋಯಿತು.

ಪ್ರಸನ್ನಕುಮಾರ್ ಅವರಿಗೆ, ಅದನ್ನು ಕೊಟ್ಟವರು ವಾಪಸ್ ಕೇಳುತ್ತಿದ್ದಾರೆ ಎಂದೆ. ಕೊಟ್ಟ ಮೇಲೆ ಮುಗೀತಲ್ಲವ್ವ ಎಂದರು. ಕೊಟ್ಟಿರಲಿಲ್ಲ ಸಾರ್, ನಾನು ತಗೊಂಡಿದ್ದೆ ಎಂದೆ. ಅವರು ಫ್ಯಾನನ್ನು ನನ್ನ ಕಡೆ ತಿರುಗಿಸಿ, "ಆ ಜಾಗದಾಗೆ ಏನು ಹಾಕ್ತೀಯ?" ಎಂದರು. ಅವರು ಕೆಟ್ಟವರಲ್ಲ, ಸಾಲದ ಕಂತು ಕಟ್ಟುವವರು.

ಈಗ ಕೆಂಚಿ ಕೋಟೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಆಟಗಾರ ಹತ್ತಿರ ಬಂದರೆ, "ನನ್ನದೆಲ್ಲ ತಿಳ್ಕಂಡೆ. ನಿನಗೇನು ಇಷ್ಟ?" ಎಂದು ಕೇಳುತ್ತಾಳೆ. ಅವನು ಏನೇ ಹೇಳಲಿ, "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಕೆಲಸಕ್ಕೆ ಹೋಗುತ್ತಾಳೆ. ಅವಳ ಮೀಟರನ್ನು ಅಡಗಿಸಿದ್ದೇನೆ, ಯಾರಿಗೂ ಕಾಣುವುದಿಲ್ಲ. ಕೆಲವು ಸಲ ಅವಳು ಒಪ್ಪುತ್ತಾಳೆ. ಕೆಲವು ಸಲ, ಎಲ್ಲ ಸರಿಯಾಗಿ ಮಾಡಿದವನಿಗೂ, "ಬ್ಯಾಡ" ಎನ್ನುತ್ತಾಳೆ. ಯಾಕೆಂದು ಹೇಳುವುದಿಲ್ಲ.

ಪರೀಕ್ಷೆಯ ಗುಂಪಿನಲ್ಲಿ ದಂಗೆಯೆದ್ದಿದೆ. "ಮಣ್ಣಂಟಿದ ಶೇಂಗಾ ಕೊಟ್ಟರೂ ಕೆಂಚಿ ಒಲಿಯುತ್ತಿಲ್ಲ, ಇದು ದೋಷ, ಕೂಡಲೇ ಸರಿಪಡಿಸಿ." "ಕೆಂಚಿಗೆ ಧಿಮಾಕು ಜಾಸ್ತಿಯಾಗಿದೆ, ಕಡಿಮೆ ಮಾಡಿ." ಒಬ್ಬ ತನ್ನ ಶೇಂಗಾ ವಾಪಸ್ ಕೇಳಿದ್ದಾನೆ. ಅವನಿಗೆ ದೀರ್ಘವಾದ ಪತ್ರ ಬರೆದೆ, ಬಹಳ ಹಿತವಾಯಿತು. ಇದೆಲ್ಲ ಬರುತ್ತಿದ್ದರೂ ಒಬ್ಬನಿಂದ ಮಾತ್ರ ಏನೂ ಬಂದಿಲ್ಲ. ಪರಶುರಾಮ್ ಗುಂಪು ಬಿಟ್ಟಿದ್ದಾನೆ, ಆಟವನ್ನೂ ಅಳಿಸಿದ್ದಾನಂತೆ. ಕಾರಣ ಬರೆದಿಲ್ಲ.

ನನ್ನ ಅರ್ಧದ ಮಾತಿಗೆ ಇಷ್ಟೇ: ಅದು ನನ್ನದು ಎನ್ನುವುದು ಈಗಲೂ ನಿಜ. ನಿನ್ನ ಅರ್ಧವನ್ನು ಕೇಳದೆ ಜೊತೆಗೆ ತಗೊಂಡು ಹೋದೆ ಎನ್ನುವುದೂ ನಿಜ.

ಸಂಧ್ಯಾ


ಬಿಳಿಚೋಡು
೧೨ ಜನವರಿ ೨೦೨೬

ಲೇ ಸಂಧ್ಯಾ,

ಈ ಪತ್ರದ ಉದ್ದೇಶ ರಾಜಿಯಲ್ಲ, ದೂರು. ನೀನು ನಿನ್ನ ಆಟದಲ್ಲಿ ನಾನು ಗಿಳಿಯನ್ನು ಎಷ್ಟು ದ್ವೇಷಿಸುತ್ತೇನೆ ಎಂದು ಇನ್ನೂ ಗಟ್ಟಿಯಾಗಿ ಬರೆಯಬೇಕಿತ್ತು. ಬರೆದಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ.

ನಿನ್ನೆ ಪರಶುರಾಮ್ ಬಂದಿದ್ದ. ಹಿರಿಯರಿಲ್ಲ, ಉಪ್ಪಿಟ್ಟಿಲ್ಲ, ಬಸ್ಸಿಳಿದು ನೇರ ಅಂಗಡಿಗೆ. ನಾನು ಸೊಕ್ಕೆ ಊರಿನಿಂದ ಬಂದ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುತ್ತಿದ್ದೆ, ತಲೆಯೆತ್ತಲಿಲ್ಲ. ಅವನು ಕಾಗದದಲ್ಲಿ ಸುತ್ತಿದ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟ. ಬಿಚ್ಚಿದರೆ ಗೋಡೆ ಗಡಿಯಾರ. ಗುಲಾಬಿ ಬಣ್ಣ. ಅದರ ಹೊಟ್ಟೆಯ ಬಾಗಿಲು ತೆರೆದು ಹಸಿರು ಗಿಳಿಯೊಂದು ಹೊರಬಂದು ಕಿರ್‍ರ್ ಎಂದು ಕಿರುಚಿತು.

ಗಿಳಿ! ನನಗೆ! ಕವಣೆಯ ಕಲ್ಲು ಬೀಸಿ ಬೀಸಿ ತೋಳು ನೋಯಿಸಿಕೊಂಡು ಬೆಳೆದವಳಿಗೆ!

"ಇದೇನಿದು?" ಎಂದೆ.

"ಆಟದಾಗೆ ಇಲ್ಲದ್ದು ಏನಾದ್ರೂ ತರಾಣ ಅಂತ ಅಂಗಡ್ಯಾಗೆ ಭಾಳ ಹೊತ್ತು ನಿಂತಿದ್ದೆ ರೀ. ಏನೂ ತಿಳೀಲಿಲ್ಲ. ಕೊನೆಗೆ ಅಂಗಡಿಯೋನೇ ಇದನ್ನ ಕೈಗೆ ಕೊಟ್ಟು ಕಳ್ಸಿದ."

ಆಮೇಲೆ ನಾನು ಬೈದೆ. ಇಲ್ಲಿ ಬರೆಯುವುದಿಲ್ಲ, ಅಂಚೆಯವನು ನಮ್ಮ ಊರಿನವನೇ. ಮಧ್ಯೆ ಗಿಳಿ ಇನ್ನೊಂದು ಸಲ ಹೊರಬಂದು ಕಿರುಚಿತು, ಗಂಟೆಯೂ ಆಗಿರಲಿಲ್ಲ. ನನ್ನ ಬೈಗುಳ ಮುಗಿದ ಮೇಲೆ ಪರಶುರಾಮ್ ಮೆಟ್ಟಿಲ ಮೇಲೆ ಹೋಗಿ ಕೂತ. ಮತ್ತೆ ಶುರುವಾಯಿತಲ್ಲ ನಾಟಕ ಎಂದು ನನಗೆ ಮೈಯೆಲ್ಲ ಉರಿಯಿತು. ಸುಮ್ಮನೆ ಕೂರುತ್ತಾನೆ, ಗಾಳಿ ನಿಲ್ಲುತ್ತದೆ, ಇನ್ನೇನು ತಾಳಿ ತೆಗೆಯುತ್ತಾನೆ ಅಂದುಕೊಂಡೆ.

"ನಿಮ್ಮ ಅಮ್ಮನ ಹೆಸ್ರೇನ್ರಿ?" ಎಂದ.

"ಅಮ್ಮನ ಸುದ್ದಿ ಎತ್ತಿದ್ರೆ ಮೀಟರ್ ಇಳಿಯುತ್ತೆ, ಗೊತ್ತಿಲ್ವಾ?" ಎಂದೆ.

"ಗೊತ್ತೈತ್ರಿ. ಆರು ಸಲಾನೂ ಕೇಳ್ಬೇಕು ಅನ್ಸಿತ್ತು. ಕೆಂಚಿ ಎದ್ದೋಗ್ತಾಳೆ ಅಂತ ಬಾಯಿ ಮುಚ್ಕಂಡಿದ್ದೆ. ಇಲ್ಲಿಗೆ ಬಂದಾಗ್ಲೂ ಹಂಗೇ ಮಾಡಿದೆ. ಈಗ ನೀವು ಎದ್ದೋದ್ರೂ ಹೋಗ್ರಿ, ಕೇಳಿಬಿಡ್ತೀನಿ."

ಅಂತರಘಟ್ಟಮ್ಮ ಎಂದೆ. ನಮ್ಮ ಮನೆಯಲ್ಲಿ ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತೋ. ಒಳಗೆ ಅಪ್ಪ ಸುತ್ತಿಗೆಯಲ್ಲಿ ಏನೋ ಬಡಿಯುತ್ತಿದ್ದರು. ಆ ಸದ್ದು ನಿಂತಿತು.

ಆ ಹೆಸರು ನಿನಗೂ ಗೊತ್ತಿರಲಿಲ್ಲ, ಅಲ್ಲವಾ? ಅವತ್ತು ನೀನು ಕೇಳಲಿಲ್ಲ. ಕೇಳಿದ್ದರೆ ನಾನು ಎದ್ದು ಹೋಗುತ್ತಿದ್ದೆ, ನಿನ್ನ ಕೆಂಚಿಯನ್ನು ನೀನು ಸರಿಯಾಗೇ ಬರೆದಿದ್ದೆ. ಆದರೆ ಅದು ಆಗಿನ ನಾನು. ಇಷ್ಟು ವರ್ಷದಲ್ಲಿ ಯಾರಾದರೂ ಕೇಳಲಿ ಎಂದು ಯಾವಾಗಿನಿಂದ ಕಾಯುತ್ತಿದ್ದೆನೋ, ನನಗೇ ತಿಳಿದಿರಲಿಲ್ಲ. ಇನ್ನು ನಿನಗೆ ಹೇಗೆ ತಿಳಿಯಬೇಕು?

ಮದುವೆಗೆ ಏನು ಉತ್ತರ ಕೊಟ್ಟೆ ಎಂದು ಕೇಳುತ್ತೀಯ. "ನಿಮಗೇನು ಇಷ್ಟ?" ಎಂದು ಕೇಳಿದೆ. ಆ ಮನುಷ್ಯ ಬೆವತುಹೋದ. ತನ್ನ ಅಂಗಡಿಗೆ ಬರುವ ಸಾವಿರ ಜನರ ಅರ್ಜಿ ತುಂಬುತ್ತಾನೆ, ಅವನ ಇಷ್ಟವನ್ನು ಯಾರೂ ಕೇಳಿರಲಿಲ್ಲವಂತೆ. "ಯೋಚ್ನೆ ಮಾಡಿ ಹೇಳ್ತೀನ್ರಿ" ಎಂದ. ನಾನೂ ಅದನ್ನೇ ಹೇಳಿ ಕಳಿಸಿದೆ. ಅಷ್ಟು ಹೊತ್ತಿಗೆ ದಾವಣಗೆರೆ ಬಸ್ಸು ಹೋಗಿಬಿಟ್ಟಿತ್ತು. ಅಪ್ಪ ಬೈಕಿನಲ್ಲಿ ಬಿಟ್ಟುಬಂದರು. ಮುಂದಿನ ಭಾನುವಾರ ಉತ್ತರ ತರುತ್ತಾನಂತೆ. ನನ್ನದು ಯಾವತ್ತು ಎಂದು ನಾನು ಹೇಳಿಲ್ಲ. ಭೀಮಕ್ಕತ್ತೆ ಪುಷ್ಯ ಮುಗಿಯಲಿ ಎಂದು ಬೆರಳು ಮಡಿಸುತ್ತಿದ್ದಾರೆ, ಮಡಿಸಲಿ.

ಅವನಿಗೆ ಏನಿಷ್ಟ, ಏನಿಲ್ಲ ಎಂದು ನಿನಗೆ ಏನಾದರೂ ಗೊತ್ತಿದ್ದರೆ, ದಯವಿಟ್ಟು ನನಗೆ ಹೇಳಬೇಡ.

ಇನ್ನು ಈ ಗಡಿಯಾರ. ಗೋಡೆಗೆ ಹಾಕಿದ್ದೇನೆ. ಅದಕ್ಕೆ ಗಂಟೆ ನಿಮಿಷದ ಪರಿವೆಯಿಲ್ಲ, ಮನಸ್ಸು ಬಂದಾಗ ಗಿಳಿ ಹೊರಬಂದು ಕಿರುಚುತ್ತದೆ, ಗಿರಾಕಿಗಳು ಬೆಚ್ಚಿಬೀಳುತ್ತಿದ್ದಾರೆ. ಹಿಂದಿನ ಸ್ಕ್ರೂಗಳು ತೀರಾ ಸಣ್ಣವು, ಈಳಿಗೆ ಮಣೆಗೆ ಬಗ್ಗುವುದಿಲ್ಲ. ಮುರಿಯಲು ಮನಸ್ಸಿಲ್ಲ. ನನ್ನ ಆ ಸ್ಟಾರ್ ಸ್ಕ್ರೂಡ್ರೈವರನ್ನು ಭಾನುವಾರದೊಳಗೆ ತಲುಪಿಸು. ಪೋಸ್ಟಿನಲ್ಲಿ ಕಳೆದುಹೋಗುತ್ತದೆ, ನೀನೇ ತಗೊಂಡು ಬಾ.

ಸುಧಾ